ಮುರ್ದಾ ಗೇಮಿಗೆ ಅಪ್ಪಣ್ಣನ ಕಾಮೆಂಟ್ರಿ

ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಕೂಗಿ ಮಾತಾಡುವವರು ಮನೆಗೊಬ್ಬರಿದ್ದಾರೆ. ಕೂಗದೆಯೇ ಕೇಳಿಸುವವನು ಮಾತ್ರ ಒಬ್ಬನೇ, ಅಪ್ಪಣ್ಣ ಮಗದುಮ್. ವಾರವಿಡೀ ಪವರ್‌ಲೂಮ್ ಶೆಡ್ಡಿನಲ್ಲಿ ಕೆಟ್ಟು ನಿಂತ ಮಗ್ಗಗಳನ್ನು ರಿಪೇರಿ ಮಾಡುವ ಜಾಬರ್ ಕೆಲಸ. ರವಿವಾರ ಬಂತೆಂದರೆ ತಲೆಗೆ ಗುಲಾಬಿ ಪಟಗಾ ಸುತ್ತಿಕೊಂಡು ಯಾವುದಾದರೂ ಕುಸ್ತಿ ಮೈದಾನದ ಮೈಕಿನ ಮುಂದೆ ಹಾಜರು. ಮುರಗೂಡ, ಸುಳಕೂಡ, ಗಡಹಿಂಗ್ಲಜ, ಎಲ್ಲಿ ಕೆಂಪು ಮಣ್ಣು ಹದ ಮಾಡಿ ಹಲಗಿ ಬಡಿಯುತ್ತಾರೋ ಅಲ್ಲಿ ಅವನ ಕಾಮೆಂಟ್ರಿ ಇರಲೇಬೇಕು.

ಅವನ ಕಾಮೆಂಟ್ರಿಗೆ ಒಂದು ಚಾಳಿ ಇತ್ತು. ಶುರುವಾಗುವುದು ಮರಾಠಿಯಲ್ಲಿ. ಗಣ್ಯರಿಗೆ ಸ್ವಾಗತ, ಪೈಲವಾನರ ಊರು, ತಾಲೀಮು ಎನ್ನುವ ಗರಡಿಮನೆ, ಕಲಿಸಿದ ವಸ್ತಾದನ ಹೆಸರು, ಎಲ್ಲಾ ಅಚ್ಚುಕಟ್ಟು ಮರಾಠಿ. ಆದರೆ ಕುಸ್ತಿಗೆ ಬೆಂಕಿ ಹತ್ತಿತೆಂದರೆ ಅವನಿಗೇ ಗೊತ್ತಾಗದಂತೆ ನಾಲಿಗೆ ಮನೆಯ ಕನ್ನಡಕ್ಕೆ ಹೊರಳಿಬಿಡುತ್ತಿತ್ತು. ಕನ್ನಡ ಬಾರದ ಮಂದಿಯೂ ಆಗ ಶೇಂಗಾದ ಪುಡಿಕೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಅಪ್ಪಣ್ಣ ಕನ್ನಡಕ್ಕೆ ಬಂದನೆಂದರೆ ಕುಸ್ತಿ ಖರೆ ಎಂದು ಅವರ ಲೆಕ್ಕ.

ಇನ್ನೊಂದು ಮಾತು ಹೇಳದಿದ್ದರೆ ಅಪ್ಪಣ್ಣನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಇಬ್ಬರು ಪೈಲವಾನರು ಮೊದಲೇ ಒಳಗೊಳಗೆ ಮಾತಾಡಿಕೊಂಡು, ಮಂದಿಯ ಕಣ್ಣಿಗೆ ಮಣ್ಣೆರಚಲು ಆಡುವ ಆಟಕ್ಕೆ ಈ ಕಡೆ ನುರಾ ಕುಸ್ತಿ ಎನ್ನುತ್ತಾರೆ. ಉಳಿದ ಕಾಮೆಂಟ್ರಿಯವರು ಅದನ್ನು ಕಂಡೂ ಕಾಣದಂತೆ ಹೊಗಳಿ ಮುಗಿಸುತ್ತಾರೆ. ಅಪ್ಪಣ್ಣ ಹಾಗಲ್ಲ. ಗಡಹಿಂಗ್ಲಜದ ಒಂದು ಮೈದಾನದಲ್ಲಿ ಕಮಿಟಿಯವರು ಪಕ್ಕದಲ್ಲೇ ಕೂತು ಅಂಗಿ ಜಗ್ಗುತ್ತಿದ್ದರೂ, "ಮಂಡಳಿ, ಇದು ನುರಾ. ಮನೀಗೆ ಹೋಗಿ ಊಟಾ ಮಾಡ್ರಿ" ಎಂದುಬಿಟ್ಟಿದ್ದ. ಆ ಊರಿನವರು ಅವನನ್ನು ಕರೆಯುವುದನ್ನೇ ಬಿಟ್ಟರು. ಬೇರೊಬ್ಬನನ್ನು ಕೂರಿಸಿದರೆ ಮಂದಿ ನಂಬಲಿಲ್ಲ. ಆಮೇಲೆ ಅವರೇ ಮನೆಗೆ ಬಂದು ಎಲೆ ಅಡಿಕೆ ಕೊಟ್ಟು ಕರೆದುಕೊಂಡು ಹೋದರು.

ಅಂಥವನಿಗೆ ಮಗಳು ದೀಪಾಲಿ ಒಂದು ದಿನ ಫೋನಿನಲ್ಲಿ ಗೇಮಿನ ಜಾಹೀರಾತು ತೋರಿಸಿದಳು. ದೀಪಾಲಿಯೂ ಒಂದು ಕಾಲಕ್ಕೆ ಮಣ್ಣಿಗಿಳಿದವಳೇ. ಮೊಣಕಾಲು ಕೈಕೊಟ್ಟ ಮೇಲೆ ಕಂಪ್ಯೂಟರ್ ಕಲಿತು, ಈಗ ಜೊತೆಗೆ ಓದಿದ ಸೌರಭನೊಂದಿಗೆ ಸೇರಿ ಶಹಾಪುರದ ಹಳೆಯ ನೂಲಿನ ಗೋದಾಮಿನಲ್ಲಿ ಗೇಮಿನ ಅಂಗಡಿ ತೆರೆಯಲು ಹೊರಟಿದ್ದಳು. ಮೊದಲ ದಿನಕ್ಕೆ ಆರಿಸಿದ್ದು ಇನ್ನೇನು ಬಿಡುಗಡೆಯಾಗಲಿದ್ದ ಒಂದು ಜಾಂಬಿ ಗೇಮು. ಸತ್ತವರೆಲ್ಲ ಎದ್ದು ಬಂದು ಒಂದು ಊರನ್ನೇ ನುಂಗುತ್ತಾರೆ, ಉಳಿದ ನಾಲ್ಕು ಜನ ಬಂದೂಕು ಹಿಡಿದು ಜೀವ ಉಳಿಸಿಕೊಳ್ಳಬೇಕು. ಉದ್ದನೆಯ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹತ್ತದೆ ಊರೆಲ್ಲ ಅದನ್ನು ಮುರ್ದಾ ಗೇಮ್ ಎನ್ನುತ್ತಿತ್ತು.

ಜಾಹೀರಾತಿನಲ್ಲಿ ಧೋ ಎಂದು ಮಳೆ. ಸೇತುವೆಯ ಮೇಲೆ ಮುರ್ದಾಗಳ ದಂಡು. ಒಬ್ಬಳೇ ಹೆಣ್ಣುಮಗಳು, ಕೈಯಲ್ಲಿ ಒಂದೇ ಗುಂಡು ಉಳಿದ ಬಂದೂಕು. ಅಪ್ಪಣ್ಣನ ಮೈ ಜುಮ್ಮೆಂದಿತು.

"ಇದರ ಕಾಮೆಂಟ್ರಿ ಯಾರು ಮಾಡವ್ರು?" ಎಂದು ಕೇಳಿದ.

"ನೀನ. ಅದಕ್ಕ ತೋರಸಾಕತ್ತೇನಿ," ಎಂದಳು ದೀಪಾಲಿ.

ಅಂದಿನಿಂದ ಅಪ್ಪಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೆಡ್ಡಿನಲ್ಲಿ ಮಗ್ಗದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಲೇ ಸಾಲುಗಳನ್ನು ಕಟ್ಟುತ್ತಿದ್ದ. ಮನೆಯಲ್ಲಿ ಹೆಂಡತಿ ಚೆನ್ನವ್ವ ರೊಟ್ಟಿ ಬಡಿಯುವಾಗ ಲಟ್ಟಣಿಗೆ ಹಿಡಿದು ಎದುರು ಕೂತು, ಬಾಗಿಲಿನಿಂದ ಮುರ್ದಾ ಬಂತು, ಕಿಟಕಿಯಿಂದ ಮುರ್ದಾ ಬಂತು ಎಂದು ಶುರು ಮಾಡುತ್ತಿದ್ದ.

"ಹೆಣದ ಮಾತು ಬಿಟ್ಟು ಉಣ್ಣರಿ. ರೊಟ್ಟಿ ಆರಾಕತ್ತಾವ," ಎಂದು ಚೆನ್ನವ್ವ ಬೈದರೂ, ಅವನಿಲ್ಲದಾಗ ಆ ಜಾಹೀರಾತನ್ನು ಮಗಳ ಫೋನಿನಲ್ಲಿ ಅವಳೂ ನೋಡಿದ್ದಳು. ಆ ಸೇತುವೆಯ ಹುಡುಗಿ ಬದುಕುತ್ತಾಳೋ ಇಲ್ಲವೋ ಎಂಬ ಚಿಂತೆ ಅವಳಿಗೂ ಹತ್ತಿತ್ತು.

ಉದ್ಘಾಟನೆಯ ರವಿವಾರ ಬೆಳಿಗ್ಗೆ ಗೋದಾಮಿನಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಬಾಗಿಲಿಗೆ ತೋರಣ, ಗೋಡೆಗೆ ಆಳೆತ್ತರದ ಮುರ್ದಾ ಪೋಸ್ಟರು. ಹುಡುಗರ ಹಿಂದೆ ಅವರ ಅಪ್ಪಂದಿರೂ ಬಂದಿದ್ದರು, ಅಪ್ಪಣ್ಣನ ಕಾಮೆಂಟ್ರಿ ಉಂಟೆಂದು. ಮುರಗೂಡದ ಹಳೆಯ ಪೈಲವಾನ ತಾನಾಜಿ ಕಾಯಿ ಒಡೆದ. ಗೇಮು ಸೌರಭನ ಕೈಗೆ ಬಂದದ್ದೇ ಆ ದಿನ ಬೆಳಿಗ್ಗೆ. ಯಾರೂ ಆಡಿ ನೋಡಿರಲಿಲ್ಲ, ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಒಂದು ವರ್ಷದಿಂದ ಲೋಕವೇ ಕಾಯುತ್ತಿದ್ದ ಗೇಮಲ್ಲವೇ. ಮುಂದಿನ ತಿಂಗಳಿಡೀ ಇದೇ ಗೇಮಿನ ಪಂದ್ಯಾವಳಿ ಎಂದು ಬೋರ್ಡು ಕೂಡ ಹಾಕಿಯಾಗಿತ್ತು.

ಅಪ್ಪಣ್ಣ ಪಟಗಾ ಸರಿಮಾಡಿಕೊಂಡು ಮೈಕು ಹಿಡಿದ. ಗಣ್ಯರಿಗೆ ಸ್ವಾಗತವಾಯಿತು. ನಾಲ್ವರು ಹುಡುಗರು ರಿಮೋಟು ಹಿಡಿದು ಕೂತರು. ದೊಡ್ಡ ಪರದೆ ಬೆಳಗಿತು. ಅವನ ಎದೆ ಮೊದಲ ಮೈದಾನದ ದಿನದಂತೆ ಹೊಡೆದುಕೊಳ್ಳುತ್ತಿತ್ತು.

ಪರದೆಯ ಮೇಲೆ ಮಳೆ ಇರಲಿಲ್ಲ. ಸೇತುವೆಯೂ ಇರಲಿಲ್ಲ. ಬೂದಿ ಬಣ್ಣದ ಒಂದು ಓಣಿ, ಅದು ಮುಗಿದರೆ ಅಂಥದೇ ಇನ್ನೊಂದು ಓಣಿ. ಇರಲಿ, ಮುಂದೆ ಬಂದೀತು ಎಂದು ಅಪ್ಪಣ್ಣ ಸಮಾಧಾನ ಮಾಡಿಕೊಂಡ. ಮೊದಲ ಮುರ್ದಾ ಬಂತು. ಬಂದದ್ದು ಗೋಡೆಗೆ ಮುಖ ಹಚ್ಚಿ ನಿಂತೇ ಬಿಟ್ಟಿತು. ಹುಡುಗ ಹಿಂದಿನಿಂದ ಹೋಗಿ ಹೊಡೆದ, ಬಿತ್ತು. ಎರಡನೆಯದೂ ಗೋಡೆಯ ಕಡೆಗೇ ಹೋಯಿತು. ಮೂರನೆಯದು ಓಡಿ ಬಂತು, ಅಪ್ಪಣ್ಣ ಉಸಿರು ಬಿಗಿಹಿಡಿದ. ಅದು ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಲ್ಲೇ ಓಡತೊಡಗಿತು. ನಡುವೆ ಆಡುವವನಿಗೆ ಹಸಿವೆಯಂತೆ, ಬಾಯಾರಿಕೆಯಂತೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಡಬ್ಬಿ ಬಿಚ್ಚಿ ತಿನ್ನಬೇಕು. ಬೆಟ್ಟ ಅಗೆದು ಇಲಿ ಹಿಡಿದರೂ ಇಲಿಯಾದರೂ ಸಿಗುತ್ತದೆ.

ಗೋದಾಮು ತಣ್ಣಗಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

ಸೌರಭ ಬೆವರೊರೆಸಿಕೊಳ್ಳುತ್ತ ಬಂದು ಕಿವಿಯಲ್ಲಿ ಹೇಳಿದ: "ಕಾಕಾ, ಸ್ವಲ್ಪ ಉಬ್ಬಿಸಿ ಹೇಳ್ರಿ. ಮಂದಿ ಎದ್ದು ಹೋದ್ರ ನಮ್ಮ ಅಂಗಡಿ ಇವತ್ತ ಮುಚ್ಚಿದಂಗ."

ಬೇರೆ ಯಾರಾದರೂ ಹಾಗೆಂದಿದ್ದರೆ ಅಪ್ಪಣ್ಣ ಮೈಕಿನಲ್ಲೇ ಜಾಡಿಸುತ್ತಿದ್ದ. ಆದರೆ ಅವನ ಕಣ್ಣು ಮಗಳ ಕಡೆ ಹೋಯಿತು. ದೀಪಾಲಿ ಕಂಬಕ್ಕೆ ಒರಗಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಮೊಣಕಾಲು ಕೈಕೊಟ್ಟಾಗ ಆಸ್ಪತ್ರೆಯಲ್ಲಿ ಕಂಡಿದ್ದ ಮುಖ ಅದು. ಇಷ್ಟು ವರ್ಷ ಕಾಪಾಡಿಕೊಂಡ ಮಾತು ದೊಡ್ಡದೋ, ಇವಳ ಬದುಕು ದೊಡ್ಡದೋ? ಮಾತು ಹೋದರೆ ನನ್ನದು ಹೋಗುತ್ತದೆ, ಹೋಗಲಿ ಎಂದುಕೊಂಡ.

ಅವನು ಹೊಗಳತೊಡಗಿದ. ಎಂಥ ಭಯಂಕರ ಓಣಿ, ಎಂಥ ಚಾಣಾಕ್ಷ ಶತ್ರು, ಅಹಾಹಾ, ಕೊಲ್ಲಾಪುರ ಜಿಲ್ಲೆಯ ಇತಿಹಾಸದಲ್ಲೇ ಇಂಥ ರೋಮಾಂಚನ ಕಂಡಿಲ್ಲ. ಎಲ್ಲಾ ಮರಾಠಿ, ಸಕ್ಕರೆ ಪಾಕದಲ್ಲಿ ಅದ್ದಿದ ಮರಾಠಿ. ಒಂದು ಕನ್ನಡ ಶಬ್ದ ಹುಡುಕಿದರೂ ಸಿಗುವಂತಿರಲಿಲ್ಲ. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನಾಜಿ ತಲೆ ತಗ್ಗಿಸಿ ಮೀಸೆ ತಿರುವುತ್ತ ಕೂತ.

ದೀಪಾಲಿ ಮಂದಿಯನ್ನು ಸರಿಸಿಕೊಂಡು ಬಂದಳು. ಬಂದವಳೇ ಮೈಕಿನ ಮೇಲೆ ಅಂಗೈ ಇಟ್ಟಳು.

"ಅಪ್ಪಾ, ಏನ ಮಾಡಾಕತ್ತಿ?"

"ನಿನ್ನ ಅಂಗಡಿ ಉಳಸಾಕತ್ತೇನಿ. ಕೈ ತಗಿ."

"ಮುರಗೂಡದ ಮೈದಾನದಾಗ ನಾ ಗೆದ್ದಾಗ ಏನಂದಿದ್ದಿ, ನೆನಪೈತೇನು?"

ನೆನಪಿಲ್ಲದೆ ಉಂಟೆ. ಕೊಲ್ಲಾಪುರದ ದೊಡ್ಡ ತಾಲೀಮಿನ ಹುಡುಗಿಯನ್ನು ದೀಪಾಲಿ ಎತ್ತಿ ಬೆನ್ನು ಮಣ್ಣಿಗೆ ಹಚ್ಚಿ ಚೀತ್ ಮಾಡಿದ್ದಳು. ಇದು ಖರೇ ಕುಸ್ತಿ, ನನ್ನ ಮಗಳೆಂದು ಹೇಳುತ್ತಿಲ್ಲ ಎಂದು ಅವನು ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗಿದ್ದ. ಅದೇ ಅವಳ ಕೊನೆಯ ಕುಸ್ತಿಯಾಯಿತು.

"ಕಾಲು ಹೋದ ಮ್ಯಾಲೆ ನಾ ಅದೊಂದ ಮಾತು ಹಿಡಕೊಂಡ ಎದ್ದೇನಿ," ಎಂದಳು ದೀಪಾಲಿ. "ಇವತ್ತ ಮಗಳ ಅಂಗಡಿ ಸಲುವಾಗಿ ಸುಳ್ಳ ಹೇಳಿದ್ರ, ಅವತ್ತೂ ಮಗಳ ಸಲುವಾಗಿ ಹೇಳಿರಲಿಲ್ಲಂತ ನಾ ಹೆಂಗ ನಂಬಲಿ? ಅಂಗಡಿ ಹೋದ್ರ ಇನ್ನೊಂದ ಹಾಕತೇನಿ. ಆ ಮಾತು ಹೋದ್ರ ನನ್ನ ಹತ್ರ ಏನ ಉಳೀತೈತಿ?"

ಅಪ್ಪಣ್ಣನ ಕಣ್ಣು ತುಂಬಿತು. ಮೈಕಿನ ಮೇಲಿದ್ದ ಮಗಳ ಕೈಯನ್ನು ಮೆಲ್ಲಗೆ ತೆಗೆದ. ಪರದೆಯ ಮೇಲೆ ಆ ಹೊತ್ತಿಗೆ ಇನ್ನೊಂದು ಮುರ್ದಾ ಗೋಡೆಗೆ ಮುತ್ತಿಕ್ಕುತ್ತಿತ್ತು.

"ಮಂಡಳಿ," ಎಂದ ಅಪ್ಪಣ್ಣ, "ಈ ಗೇಮ್ ನುರಾ."

ಸೌರಭ ಕುರ್ಚಿ ಹಿಡಿದುಕೊಂಡ.

"ಇಷ್ಟೊತ್ತನಕ ನಾ ಹೇಳಿದ್ದೂ ನುರಾ. ತಪ್ಪಾತು, ಹೊಟ್ಯಾಗ ಹಾಕ್ಕೋರಿ. ಈಗ ಖರೆ ಹೇಳ್ತೇನಿ ಕೇಳ್ರಿ. ಇಕಾ ನೋಡ್ರಿ, ಮುರ್ದಾ ಪೈಲವಾನ ಬಂದಾನ. ಯಾವೂರವ, ಯಾವ ತಾಲೀಮಿನವ ಗೊತ್ತಿಲ್ಲ, ಆದ್ರ ಇವನ ವಸ್ತಾದ ಸಿಕ್ರ ನಾ ಒಂದ ಮಾತು ಕೇಳಾವ. ಎದುರಿನವನ ಬಿಟ್ಟು ಗ್ವಾಡಿ ಜೋಡಿ ಕುಸ್ತಿ ಹಿಡಿಯೂದು ಯಾರ ಕಲಿಸಿದ್ರೋ ತಮ್ಮಾ? ಹೊಡದ್ರು, ಬಿದ್ದ. ಅರೆ, ಮತ್ತ ಬಂದ ನೋಡ್ರಿ. ಅದ ಅಂಗಿ, ಅದ ಮಾರಿ. ಈಗಷ್ಟ ಚೀತ್ ಮಾಡಿದವನ್ನ ಹಿಂದಿನ ಬಾಗಲದಿಂದ ಮತ್ತ ಕಳಿಸ್ಯಾರ್ರಿ. ಊರ ಮಂದಿ ಎಲ್ಲಾ ಸತ್ತಾರ ಅಂದ್ರ ಮೂರ ಮಾರಿ ಅಷ್ಟ ಅದಾವ. ನಮ್ಮ ವೀರ ಏನ ಮಾಡಾಕತ್ತಾನ? ಉಣ್ಣಾಕ ಕುಂತಾನ. ಮುರ್ದಾ ಬಾಗಲಾಗ ನಿಂತೈತಿ, ಇಂವಾ ಡಬ್ಬಿ ಬಿಚ್ಯಾನ. ನಿಂದರಪಾ ಮುರ್ದಾ, ಅಂವಂದು ಊಟಾ ಆಗಲಿ."

ಮೊದಲು ತಾನಾಜಿ ನಕ್ಕ. ಪೈಲವಾನನ ನಗು ಎಂದರೆ ನಗುವೇ. ತಗಡಿನ ಮಾಡು ನಡುಗಿತು. ಆಮೇಲೆ ಅಪ್ಪಂದಿರು, ಆಮೇಲೆ ಹುಡುಗರು. ಆಡುವವರು ನಕ್ಕು ನಕ್ಕು ರಿಮೋಟು ಕೆಳಗಿಟ್ಟರು. ಎದ್ದು ಹೋಗಲು ಚಪ್ಪಲಿ ಮೆಟ್ಟಿದ್ದವರು ಒಳಗೆ ಬಂದು ಮತ್ತೆ ಕೂತರು. ಅಪ್ಪಣ್ಣ ಯಾವಾಗ ಕುರ್ಚಿ ಬಿಟ್ಟು ಎದ್ದನೋ, ಪಟಗಾ ಯಾವಾಗ ಬಿಚ್ಚಿ ಹೆಗಲಿಗಿಳಿಯಿತೋ, ಅವನಿಗೇ ತಿಳಿಯದು. ಕೆಟ್ಟ ಗೇಮು ಅವನಿಗೆ ಹಬ್ಬದೂಟವಾಗಿತ್ತು.

ಕೊನೆಯ ಸುತ್ತಿಗೆ ಆಡಲು ಯಾರೂ ಮುಂದೆ ಬರಲಿಲ್ಲ. ದೀಪಾಲಿ ತಾನೇ ಹೋಗಿ ಕೂತು ರಿಮೋಟು ಎತ್ತಿಕೊಂಡಳು.

ಈ ಸಲ ಮುರ್ದಾಗಳು ಗೋಡೆ ಬಿಟ್ಟು ಎಲ್ಲಾ ದಿಕ್ಕಿನಿಂದ ಒಟ್ಟಿಗೇ ಬಂದವು. ಗೇಮಿಗೇ ಬುದ್ಧಿ ಬಂತೋ, ಕೆಟ್ಟುಹೋಯಿತೋ ದೇವರೇ ಬಲ್ಲ. ಓಣಿಯ ತುದಿಯ ಬಾಗಿಲು ಮುಟ್ಟಿದರೆ ಗೆದ್ದಂತೆ. ದೀಪಾಲಿ ಓಣಿಯ ಮೂಲೆ ಹಿಡಿದು ನಿಂತಳು. ಗುಂಡು ತೀರಿತು, ಬಂದೂಕಿನ ಹಿಡಿಯಿಂದ ಹೊಡೆದಳು. ಒಂದು ಬಿತ್ತು, ಎರಡು ಬಿದ್ದವು. ಅಪ್ಪಣ್ಣನ ನಗು ನಿಂತಿತು.

"ಮಂಡಳಿ, ಸುಮ್ಮಕಿರ್ರಿ. ಗೇಮ್ ನುರಾ ಇದ್ರೂ ಈ ಹುಡುಗಿ ಆಡಾಕತ್ತಿದ್ದು ನುರಾ ಅಲ್ಲ. ನೋಡ್ರಿ, ಹಿಂದ ಸರಿದ್ಲು, ಬಿಡಲಿಲ್ಲ. ಕಾಲಿಗೆ ಜೋತು ಬಿದ್ದಾವ, ಒದ್ದು ಕೆಡವಿದ್ಲು. ಬಾಗಲಾ ಎರಡ ಹೆಜ್ಜಿ ಐತಿ. ಒಂದ ಹೆಜ್ಜಿ."

ಎಲ್ಲರೂ ಎದ್ದು ನಿಂತಿದ್ದರು. ಹೊರಗೆ ಚಹಾ ಮಾಡುತ್ತಿದ್ದ ಚೆನ್ನವ್ವ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಿದ್ದಳು. ಪರದೆಯ ಮೇಲೆ ಮುರ್ದಾಗಳ ರಾಶಿ ದೀಪಾಲಿಯನ್ನು ಮುಚ್ಚಿತು, ಬಣ್ಣ ಆರಿ ಆಟ ಮುಗಿಯಿತೆಂಬ ಕೆಂಪು ಅಕ್ಷರಗಳು ಬಂದವು. ಮಂದಿ ಅಪ್ಪಣ್ಣನ ಕಡೆ ತಿರುಗಿದರು. ಬಾಗಿಲು ಮುಟ್ಟಿದಳೆಂದು ಹೇಳಬಹುದಿತ್ತು, ಅಷ್ಟು ಹತ್ತಿರವಿದ್ದಳು. ಅಪ್ಪಣ್ಣ ಮೈಕನ್ನು ಬಾಯಿಯ ಹತ್ತಿರ ತಂದ.

"ದೀಪಾಲಿ ಅಪ್ಪಣ್ಣ ಮಗದುಮ್," ಎಂದ, "ಚೀತ್."

ದೀಪಾಲಿ ರಿಮೋಟು ತೊಡೆಯ ಮೇಲಿಟ್ಟು ತಿರುಗಿ ನೋಡಿದಳು. ಕೆನ್ನೆಯ ಮೇಲೆ ನೀರಿತ್ತು. ಮುಖದ ತುಂಬ ನಗು ಇತ್ತು.

"ಮುಂದಿನ ರವಿವಾರ ಬ್ಯಾರೆ ಗೇಮ್ ಹಾಕತೇವಿ," ಎಂದಳು ಮಂದಿಗೆಲ್ಲ ಕೇಳುವಂತೆ. "ಛಲೋ ಐತೋ ಇಲ್ಲೋ ನಮ್ಮಪ್ಪ ಹೇಳ್ತಾನ."