ಮಗಳ ತೋಳಿನ ಅಳತೆ ತಪ್ಪಿದ ಟೈಲರ್ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಮೈದಾನದ ಮೂಲೆಯ ತಗಡಿನ ಕೋಣೆಯಲ್ಲಿ ಟೈಲರ್ ಮಾಮ ಇಸ್ತ್ರಿಪೆಟ್ಟಿಗೆಗೆ ನೀರು ಚಿಮುಕಿಸಿ, ಚುರ್ ಎಂದ ಸದ್ದಿಗೆ ತಲೆಯಾಡಿಸುತ್ತಾರೆ. ಬಾಗಿಲಲ್ಲಿ ಒಂದೇ ಕಾಲಿಗೆ ಬೂಟು ಹಾಕಿಕೊಂಡ ಕೆಡೆಟ್ ಒಬ್ಬ ಅಂಗಲಾಚುತ್ತಿದ್ದಾನೆ: "ಮಾಮ, ಗುಂಡಿ ಕಿತ್ತೋಯ್ತು. ಇನ್ನೇನು ಪರೇಡ್ ಶುರು!"

"ಉಸಿರು ಬಿಗಿಹಿಡ್ಕೊ," ಎನ್ನುತ್ತಾ ಅವನ ಮೈಮೇಲೆಯೇ ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ.

ಓದುತ್ತಲೇ ಸೇನಾಧಿಕಾರಿಯಾಗಲು ತರಬೇತಿ ಪಡೆಯುವ ಇಲ್ಲಿನ ವಿದ್ಯಾರ್ಥಿಗಳಿಗೆಲ್ಲ ಸಮವಸ್ತ್ರ ಹೊಂದಿಸಿಕೊಡುವವರು ಇವರೇ. ಪೇಟೆಯಲ್ಲಿದ್ದ ಅಂಗಡಿ ರಸ್ತೆ ಅಗಲೀಕರಣಕ್ಕೆ ಹೋದ ಮೇಲೆ, ಹೊಲಿಗೆಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಬಂದವರು. ದಿನಕ್ಕೆ ಇಪ್ಪತ್ತು ಅಂಗಿಗಳಾದರೂ ಕೈದಾಟುತ್ತವೆ. ದಪ್ಪ ಬಟ್ಟೆಗೆ ಸೂಜಿ ದೂಡಿ ದೂಡಿ ಹೆಬ್ಬೆರಳು ಮರಗಟ್ಟಿದೆ. ಬೇಸಿಗೆಯಲ್ಲಿ ತಗಡು ಕಾದು ಕೋಣೆಯೇ ಬಾಣಲೆ. ಮಕ್ಕಳನ್ನು ಸೇರಿಸಲು ಬಂದು ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ಸಮಾಧಾನಪಡಿಸುವ ಕೆಲಸವೂ ಇವರ ಪಾಲಿಗೇ. "'ಗಟ್ಟಿ ಮನಸ್ಸು ಮಾಡಿ ಅಮ್ಮ' ಅಂತಿದ್ದೆ. ಬೇರೆಯವರ ಮಕ್ಕಳಲ್ವಾ, ಸಲೀಸಾಗಿ ಹೇಳ್ಬಿಡ್ತಿದ್ದೆ."

ಹೋದ ವರ್ಷ ಹೊಸಬರ ಅಳತೆ ತೆಗೆಯುವಾಗ, "ಮುಂದಿನವರು ಬನ್ನಿ" ಎಂದು ತಲೆಯೆತ್ತಿದರೆ ಎದುರಿಗೆ ನಿಂತಿದ್ದವಳು ಸ್ವಂತ ಮಗಳು. ಅದೇ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದುತ್ತಿದ್ದವಳು ತರಬೇತಿಗೆ ಸೇರಿದ ಬಗ್ಗೆ ಮನೆಯಲ್ಲಿ ತುಟಿಪಿಟಕ್ ಎಂದಿರಲಿಲ್ಲ.

"ನೀನೇನೇ ಇಲ್ಲಿ?"

"ಅಳತೆ ತಗೋ ಅಪ್ಪ. ಹಿಂದೆ ಸಾಲಿದೆ."

ತೆಗೆದುಕೊಂಡರು. ಮೊದಲ ತಪಾಸಣೆಯ ದಿನ ಅವಳ ಅಂಗಿಯ ತೋಳು ಬೆರಳು ಮುಚ್ಚುವಷ್ಟು ಉದ್ದ. ತರಬೇತುದಾರರು ಮೈದಾನ ಸುತ್ತಿಸಿದರು. ತಿದ್ದಿಕೊಟ್ಟರೆ, ಈ ಸಲ ಮೊಣಕೈ ಮಡಿಸಲಾಗದಷ್ಟು ಬಿಗಿ. ಮತ್ತೆ ಸುತ್ತು. ಬೆವರಿಳಿಸುತ್ತಾ ಬಂದ ಮಗಳು ಅಂಗಿಯನ್ನು ಮೇಜಿನ ಮೇಲೆ ಎಸೆದಳು.

"ನಿಜ ಹೇಳಪ್ಪ. ಬೇಕಂತಲೇ ಮಾಡಿದ್ಯಾ? ನಾನು ಬಿಟ್ಟು ಬರ್ಲಿ ಅಂತ?"

"'ಇಲ್ಲ ಕಣೇ' ಅನ್ನೋಕೆ ಬಾಯಿ ತೆಗೆದೋನು ಕತ್ತರಿ ಕೈಗೆತ್ಕೊಂಡೆ," ಎನ್ನುತ್ತಾರೆ ಮಾಮ. "ಬೇಕಂತ ಮಾಡಿದ್ನೋ, ಕೈ ತಪ್ಪಿತೋ, ದೇವರಾಣೆ ನಂಗೆ ಇವತ್ತಿಗೂ ಗೊತ್ತಿಲ್ಲ."

ಅವಳೆದುರೇ ಹೊಲಿಗೆ ಬಿಚ್ಚಿದರು. ಮಗಳು ಸ್ಟೂಲಿನ ಮೇಲೆ ಕುಳಿತು ಕೈ ಚಾಚಿದಳು. ಮತ್ತೆ ಅಳತೆ ತೆಗೆದರು. ಈ ಬಾರಿ ಅಂಗಿ ಮೈಗೆ ಅಚ್ಚುಕಟ್ಟಾಗಿ ಕೂತಿತು. ಮನೆಗೆ ಹೋಗಿ ಹೆಂಡತಿಯ ಹತ್ತಿರ ತೋಡಿಕೊಂಡರೆ, "ಹೊಲಿದು ಕೊಟ್ಟೋರು ನೀವೇ, ಗೊಣಗೋರೂ ನೀವೇ. ನಾನು ಯಾರ ಕಡೆ ಸೇರ್ಲಿ?" ಎಂದು ಆಕೆ ಒಳಗೆ ಹೋದರಂತೆ.

ಈಗ ಹೊರಗೆ ಮೈದಾನದಲ್ಲಿ ಸಾಲು ನಡೆಸುವ ಹೆಣ್ಣು ದನಿಯೊಂದು ಕೇಳುತ್ತಿದೆ. ಮಾಮ ಯಂತ್ರ ನಿಲ್ಲಿಸುತ್ತಾರೆ. "ನಮ್ಮವಳೇ. ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತಿ ಕಿರುಚ್ತಾಳೆ. ಇಲ್ಲಿ ಅಷ್ಟು ಜನ ಇವಳ ಒಂದು ಕೂಗಿಗೆ ತಿರುಗ್ತಾರೆ." ನಗಲು ಹೋಗಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಎಲ್ಲ ಸರಿಹೋದರೆ ಇನ್ನೆರಡು ವರ್ಷಕ್ಕೆ ಅವಳು ಅಧಿಕಾರಿ. ನಿಮ್ಮ ಆಸೆಯೇನು ಎಂದರೆ ಮಾಮ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ಆ ದಿನದ ಅಂಗಿ ನಾನೇ ಹೊಲೀಬೇಕು. ಬೇರೆಯವರ ಕೈ ತಾಗಬಾರ್ದು. ಅವಳು ಸೇನೆಗೆ ಹೋಗ್ಬೇಕೋ ಬೇಡ್ವೋ ಅಂತ ಮಾತ್ರ ಕೇಳ್ಬೇಡಿ. ಒಂದೊಂದು ಬೆಳಿಗ್ಗೆ ಒಂದೊಂದು ಉತ್ತರ ಬರುತ್ತೆ."