ಕಿವಿ ಇಟ್ಟ ಚೀಲಗಳು

ಕುಮಟಾದ ಗೇರುಬೀಜದ ಕಾರ್ಖಾನೆಗೆ ಆಫ್ರಿಕದಿಂದ ಲೋಡು ಬಂದರೆ ಸಂತೋಷ ಮೊದಲು ನೋಡುತ್ತಿದ್ದುದು ಬೀಜವನ್ನಲ್ಲ, ಚೀಲದ ಬಾಯನ್ನು. ಬೀಜ ಕತ್ತರಿಸಿ, ತಿರುಳು ತೂಗಿ, ಗುಣ ಹೇಳುವುದು ಅವನ ಕೆಲಸ. ಆದರೆ ಕಳೆದ ವರ್ಷ ಅಲ್ಲಿಂದ ಮರಳಿದ ಮೇಲೆ ಕಣ್ಣೆಲ್ಲ ಹೊಲಿಗೆಯ ಮೇಲೆಯೇ.

“ಹೆಣ್ಣು ನೋಡೂಕೆ ಬಂದವ್ರ ಹಾಂಗೆ ಚೀಲ ನೋಡ್ತ್ಯಲ್ಲ ಮಾರಾಯ!” ಎಂದು ಹಮಾಲಿ ದುರ್ಗ ಕಿಚಾಯಿಸುತ್ತಿದ್ದ.

ಸಂತೋಷ ಹುಡುಕುತ್ತಿದ್ದುದು ಮರಿಯಾಮಳ ಹೊಲಿಗೆಯನ್ನು. ಪಶ್ಚಿಮ ಆಫ್ರಿಕದ ಒಂದು ದೇಶದ ಉತ್ತರದ ಪೇಟೆಯಲ್ಲಿ ಈ ಕಾರ್ಖಾನೆಯ ಖರೀದಿಯ ಗೋದಾಮಿತ್ತು. ಭಾರತ ಸಾಲ ಕೊಟ್ಟು ಕಟ್ಟಿಸಿದ್ದು. ಗೋಡೆಯ ಮೇಲೆ ಎರಡೂ ದೇಶಗಳ ಬಾವುಟದ ಚಿತ್ರ. ಒಪ್ಪಂದದಂತೆ ಒಳಗಿನ ಸರಕಿಗೆ ಅಲ್ಲಿಯ ಸೈನ್ಯದ ಕಾವಲು. ಸುತ್ತಲ ಹಳ್ಳಿಗಳನ್ನು ಬಂದೂಕು ಹಿಡಿದ ಗುಂಪುಗಳು ಸುಡುತ್ತಿದ್ದವು. ಪೇಟೆಯ ಜನಕ್ಕೆ ಯಾವ ಕಾವಲೂ ಇರಲಿಲ್ಲ. ಕತ್ತಲಾದರೆ ಚೀಲ ಹೊಲಿಯುವ ಹೆಂಗಸರು ಮಕ್ಕಳನ್ನು ಕರೆತಂದು ಗೋದಾಮಿನ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದರು.

ಆ ಹೆಂಗಸರಿಗೆ ಮರಿಯಾಮಳೇ ಹಿರಿಯಳು. ಚೀಲದ ಬಾಯಿಯ ಎರಡೂ ಮೂಲೆಗೆ ಕಿವಿ ಇಟ್ಟು ಹೊಲಿಯುವುದನ್ನು ಸಂತೋಷ ಕಲಿಸಿದ್ದ. ಕಿವಿ ಇದ್ದರೆ ಇಬ್ಬರು ಹಿಡಿದು ಎತ್ತಬಹುದು. ಮೊದಲು ಅವಳು ನಕ್ಕಿದ್ದಳು. ಆಮೇಲೆ ಅವಳು ಹೊಲಿದ ಕಿವಿಯೇ ಅವನದಕ್ಕಿಂತ ಗಟ್ಟಿಯಾಯಿತು. ಸುತಳಿಯನ್ನು ಮೂರು ಸುತ್ತು ಸುತ್ತಿ ಗಂಟನ್ನು ಒಳಗೆ ತಳ್ಳುತ್ತಿದ್ದಳು.

ರಸ್ತೆ ಮುಚ್ಚುವ ಸುದ್ದಿ ಹಬ್ಬಿದಾಗ ಮಾಲೀಕ ರವೀಂದ್ರ ಕಾಮತರು ಕುಮಟಾದಿಂದ ಫೋನು ಮಾಡಿದರು. “ಇದ್ದದ್ದೆಲ್ಲ ಲಾರಿಗೆ ಹಾಕು. ನೀನೂ ಅದ್ರಲ್ಲೇ ಬಾ.”

ಲಾರಿ ತುಂಬುವಾಗ ಮರಿಯಾಮ ಅವನ ತೋಳು ಹಿಡಿದಳು. ಅವನಿಗೆ ತಿಳಿಯುವಷ್ಟೇ ಫ್ರೆಂಚಿನಲ್ಲಿ ಹೇಳಿದಳು: “ಸ್ವಲ್ಪ ಬಿಟ್ಟುಹೋಗು, ಅಣ್ಣ. ಬೀಜ ಇದ್ದರೆ ಸಿಪಾಯಿಗಳಿರುತ್ತಾರೆ.”

ಸಂತೋಷ ನಲವತ್ತು ಚೀಲ ಕೆಳಗಿಳಿಸಿದ. ಬೀಜವೇನೋ ಚೆನ್ನಾಗಿಯೇ ಇತ್ತು. ಆದರೂ ಒಂದೊಂದರ ಮೇಲೂ ನೀಲಿ ಬಣ್ಣದಲ್ಲಿ ‘ಒದ್ದೆ’ ಎಂದು ಬರೆದು, ಫೋಟೊ ತೆಗೆದು ಮಾಲೀಕರಿಗೆ ಕಳಿಸಿದ. ಒದ್ದೆ ಬೀಜಕ್ಕೆ ಹಡಗಿನಲ್ಲಿ ಬೂಷ್ಟು ಹಿಡಿದರೆ ಉಳಿದದ್ದೂ ಕೆಟ್ಟೀತು. “ಆತು, ಬಿಡು. ಒಣಗಿದ ಮೇಲೆ ನೋಡ್ವ” ಎಂದರು ಕಾಮತರು.

ನಿಜ ಗೊತ್ತಿದ್ದುದು ಹೆಂಡತಿ ರೇಖಾಗೆ ಮಾತ್ರ. ಮರಿಯಾಮಳ ಫೋನು ಹತ್ತದೇ ಹೋದಾಗ ಅವಳೇ ಸಮಾಧಾನ ಹೇಳಿದ್ದಳು: “ಟವರ್ ಸುಟ್ಟಿರ್ತ್ರು. ಜೀವ ಇದ್ರೆ ಹೊಲಿತದೆ ಅದು. ನೀವು ಚೀಲ ನೋಡ್ತಾ ಇರಿ.”

ಈ ಜೂನಿನ ಲೋಡಿನಲ್ಲಿ ಕಿವಿ ಕಂಡಿತು.

“ದುರ್ಗಣ್ಣ, ಇಲ್ ನೋಡು! ಮೂರು ಸುತ್ತು. ಅವ್ಳದ್ದೇ!” ಸಂತೋಷ ಒಳಗಿನ ಗಂಟನ್ನು ಬೆರಳಿಂದ ಮುಟ್ಟಿ ನೋಡಿದ. ರೇಖಾಗೆ ಹೇಳಬೇಕೆಂದು ಫೋನಿಗಾಗಿ ಕಿಸೆಗೆ ಕೈ ಹಾಕಿದ.

ದುರ್ಗ ಚೀಲ ಮಗುಚಿದ. “ಹೋ! ಅಲ್ಲೂ ಕನ್ನಡ ಶಾಲೆ ಅದ್ಯಾ? ‘ಒದ್ದೆ’ ಅಂತ ಬರ್ದಾರಲ್ಲ!”

ಸಂತೋಷನ ಕೈ ಕಿಸೆಯಲ್ಲೇ ನಿಂತಿತು. ಪಕ್ಕದ ಚೀಲವನ್ನೂ ತಾನೇ ಮಗುಚಿದ. ಅದರ ಮೇಲೂ ಅದೇ ನೀಲಿ, ತನ್ನದೇ ಅಕ್ಷರ. ಇವು ಈ ವರ್ಷ ಹೊಲಿದ ಚೀಲಗಳಲ್ಲ.

ಅಷ್ಟರಲ್ಲಿ ಕಾಮತರು ಬಂದು ಹರಿದಿದ್ದ ಇನ್ನೊಂದು ಚೀಲದಿಂದ ಹಿಡಿ ಬೀಜ ತೆಗೆದು ಕುಲುಕಿದರು. “ಒದ್ದೆ ಅಂದಿದ್ಯಲ್ಲೋ? ಗಲಗಲ ಅಂತದೆ! ಅಲ್ಲಿನ ನಮ್ಮ ಏಜೆಂಟ ಗೋದಾಮು ಪೂರಾ ಖಾಲಿ ಮಾಡ್ಸಿದ. ಸಿಪಾಯಿಗಳು ಹೊರಟ ಲಾರಿಲೇ ಇವೂ ಬಂದ್ವಂತೆ.”

“ಯಾವಾಗ, ಧಣೇರೆ?”

“ಮಾರ್ಚಲ್ಲಿ.”

“ಈಗ ಆ ಊರಲ್ಲಿ ಯಾರಿದ್ದಾರೆ?”

“ನಮ್ದು ಅಲ್ಲಿ ಎಂತದೂ ಇಲ್ಲ ಮಾರಾಯ. ಹೆದರ್ಬೇಡ” ಎಂದು ಅವರು ಬೆನ್ನು ತಟ್ಟಿ ಆಫೀಸಿನ ಕಡೆ ನಡೆದರು.

ದುರ್ಗ ಒಂದು ಕಿವಿ ಹಿಡಿದು ಕಾಯುತ್ತಿದ್ದ. “ಹಿಡಿಯೋ, ಮಳೆ ಬಂತು.”

ಸಂತೋಷ ಬಾಗಿ ಇನ್ನೊಂದು ಕಿವಿ ಹಿಡಿದ. ಗಂಟು ಚೂರೂ ಸಡಿಲಾಗಿರಲಿಲ್ಲ.