ಅವ್ವನ ತೂಗುಕುರ್ಚಿ

ಅವ್ವ ಕಸೂತಿ ಹಾಕಿಕೊಡುತ್ತಿದ್ದ ಕಾಲದಲ್ಲಿ ಇಂದಿರಾನಗರದ ಒಂದು ಬಂಗಲೆಗೆ ನಾನೂ ಅವಳ ಜೊತೆ ಹೋಗುತ್ತಿದ್ದೆ. ಅಲ್ಲಿ ವರಾಂಡದಲ್ಲಿ ಒಂದು ತೂಗುಕುರ್ಚಿ ಇತ್ತು. ಓರೆಯಾದ ತೆಳ್ಳನೆಯ ತೇಗದ ಕಾಲುಗಳು, ಸವೆದು ನುಣುಪಾದ ಕೈಗಳು, ಪಾಚಿಹಸಿರು ಬಟ್ಟೆಯ ಮೆತ್ತೆ. ಆ ಮನೆಯಾಕೆ ಬಟ್ಟೆ ಬಿಡಿಸಿ ನೋಡುವಷ್ಟು ಹೊತ್ತೂ ಅವ್ವ ಕುರ್ಚಿಯನ್ನೇ ನೋಡುತ್ತಿದ್ದಳು. ಈಗ ಅಲ್ಲಿ ಬಂಗಲೆಯಿಲ್ಲ, ರೆಸ್ಟೋರೆಂಟ್ ಇದೆ.

ಅಪ್ಪ ನಿವೃತ್ತನಾದ ಮೇಲೆ ಯಾರಿಗೂ ಹೇಳದೆ ಶಿವಾಜಿನಗರಕ್ಕೆ ಹೋಗಿ, ಕುಶನ್ ಕೆಲಸದ ಸಾಹೇಬರೊಬ್ಬರ ಬಳಿ ಅಂಥದ್ದೇ ಕುರ್ಚಿಗೆ ಹೇಳಿಬಂದ. ಅದು ಗೂಡ್ಸ್ ಆಟೋದಲ್ಲಿ ಜೀವನ್ ಬಿಮಾ ನಗರದ ನಮ್ಮ ಮನೆ ಮುಂದೆ ಇಳಿದಾಗ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿಬಂದಳು. ಕುಳಿತಳು. ಶಾಲೆ ಹುಡುಗಿಯ ಹಾಗೆ ಎರಡೂ ಕಾಲು ನೇತಾಡಿದವು.

“ನಾ ಹ್ಯಾಂಗ ತೂಗ್ಕೊಳ್ಲಿ? ಕಾಲಽ ನೆಲಕ್ಕ ಹತ್ತವಲ್ದು!”

“ನಾಳಿನಽ ಒಯ್ದು ಕಾಲು ಕತ್ತರಿಸಿ ತರ್ತೇನಿ,” ಅಂದ ಅಪ್ಪ.

“ಯಾರ್ದು? ಕುರ್ಚಿದೋ, ನಂದೋ?”

ಎಲ್ಲರೂ ನಕ್ಕೆವು. ಕತ್ತರಿಸಲು ಅವ್ವ ಬಿಡಲಿಲ್ಲ. ಅಂದ ಕೆಡುತ್ತದೆ ಎಂದಳು. ಅಂದು ಸಂಜೆ ಅಪ್ಪ ಪಕ್ಕದಲ್ಲಿ ಬೆತ್ತದ ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತ, ಕುರ್ಚಿಯ ಕೆಳಗಿನ ಬಾಗಿದ ಪಟ್ಟಿಯನ್ನು ಪಾದದಿಂದ ಒತ್ತಿ ತೂಗಿದ. ಮುಂದೆ ಅದೇ ರೂಢಿಯಾಯಿತು. ಪೇಪರಿನಲ್ಲಿ ಕ್ರಿಕೆಟ್ ಪುಟ ಬಂದರೆ ವೇಗ ಹೆಚ್ಚುತ್ತಿತ್ತು. “ಸಾವಕಾಶ್ರೀ, ತಲಿ ತಿರುಗ್ತದ,” ಎನ್ನುತ್ತಲೇ ಅವ್ವ ಕಣ್ಣು ಮುಚ್ಚುತ್ತಿದ್ದಳು.

ಹೋದ ವರ್ಷ ಅಪ್ಪ ತೀರಿಕೊಂಡ. ಕುರ್ಚಿಯ ಮೇಲೆ ಒಗೆದ ಬಟ್ಟೆಗಳು ಕೂತವು. ಒಂದು ಭಾನುವಾರ ನಾನು ಬಟ್ಟೆ ತೆಗೆದಿಟ್ಟು ಅವ್ವನನ್ನು ಕೂರಿಸಿ, ಪಾದದಿಂದ ತೂಗಲು ನೋಡಿದೆ. ಎರಡು ಸಲ ತೂಗಿಸಿಕೊಂಡು ಹೇಳಿದಳು: “ಬ್ಯಾಡ ಬಿಡು. ನೀ ಮೊಬೈಲ್ ನೋಡ್ಕೋತ ತೂಗ್ತಿ.” ಆಮೇಲೆ ತಾನೇ ಕೇಳಿದಳು, “ಆ ಸಾಹೇಬ್ರ ಅಂಗಡಿ ಇನ್ನೂ ಐತೇನು?”

ಇತ್ತು. ಕುರ್ಚಿಯ ಸಮೇತ ಹೋದೆವು. ಸಾಹೇಬರು ಕುರ್ಚಿಯ ಗುರುತು ಹಿಡಿದು, “ಸಾರ್ ಬರಲಿಲ್ವಾ?” ಎಂದರು. ನಾನು ಹೇಳಿದೆ. ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಕುಳಿತರೆ ಕಾಲು ನೆಲಕ್ಕೆ ತಾಗುವುದಿಲ್ಲವೆಂದು ಅವ್ವ ಕುರ್ಚಿ ತೋರಿಸಿದಳು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಯಾರು ಕೂರೋದು ಅಂತ ಅವತ್ತೇ ಕೇಳ್ದೆ. ಮನೆಯವ್ರಿಗೆ ಅಂದ್ರು. ಎಷ್ಟು ಎತ್ತರ ಇದಾರೆ ಸಾರ್ ಅಂದ್ರೆ, ನನ್ನ ಹೆಗಲಿಗೆ ಬರ್ತಾರೆ ಅಂತ ಕೈ ಇಟ್ಟು ತೋರಿಸಿದ್ರು. ಅದೇ ಲೆಕ್ಕದಲ್ಲಿ ಮಾಡ್ಬಿಟ್ಟೆ.”

“ಹೆಗಲಿಗಾ?” ಅವ್ವನಿಗೆ ನಗು ತಡೆಯಲಾಗಲಿಲ್ಲ. “ಎದಿಗೂ ಬರ್ತಿದ್ದಿಲ್ಲ ನಾ! ಇಷ್ಟು ವರ್ಷ ನೋಡಿ ನೋಡಿ ಅವ್ರು ತಿಳ್ಕೊಂಡಿದ್ದು ಇಷ್ಟೇನು?” ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಸಾಹೇಬರು ಗಲ್ಲಿಯ ಕಡೆ ತಿರುಗಿ ಚಹಾ ತರಲು ಕೂಗಿದರು.

ಈ ಸಲ ಅಳತೆಗೆ ಅವಳೇ ಕುಳಿತಳು, ಚಪ್ಪಲಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ. ಬಟ್ಟೆಯೂ ಬದಲಾಯಿಸಲಾ ಎಂದು ಸಾಹೇಬರು ಕೇಳಿದಾಗ ನಾನು ಹಸಿರನ್ನೇ ಹುಡುಕತೊಡಗಿದೆ. ಅವ್ವ ಬಟ್ಟೆಯ ಥಾನುಗಳ ಅಡಿಯಿಂದ ಸಾಸಿವೆ ಹಳದಿಯದೊಂದನ್ನು ಎಳೆದು ತೊಡೆಯ ಮೇಲೆ ಹರವಿಕೊಂಡಳು.

“ಇದು ಇರ್ಲಿ,” ಅಂದಳು.